ಹಡಗಿನ ಗ್ರೀಕ್ ಚೀಫ್ ಹತ್ತಿರ ಸಾಕ್ರೆಟಿಸ್ ಹೆಸರು ಎತ್ತಿದೆ, ಅವರಿಗೆ ಸಿಟ್ಟು ಬಂತು. ಯಾಕಿರಬಹುದು?

ಕುಂಬಳೆ_ಕಡಲು:

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯವನು, ಹಡಗಿನಲ್ಲಿ ಕೆಲಸ. ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ. ಹೊರಗೆ ಧೋ ಅಂತ ಮಳೆ, ಬೇರೆ ಕೆಲಸ ಇಲ್ಲ, ಹಾಗಾಗಿ ಉದ್ದ ಬರೆದರೆ ಬೈಯಬೇಡಿ.

ಹೋದ ಸಲದ ಹಡಗು ಗ್ರೀಕ್ ಮಾಲೀಕರದ್ದು. ಗ್ರೀಕರ ಹತ್ತಿರ ಎಷ್ಟು ಹಡಗು ಉಂಟು ಅಂತ ಈ ಲೈನಿನಲ್ಲಿ ಇಲ್ಲದವರಿಗೆ ಅಂದಾಜು ಸಿಗುವುದಿಲ್ಲ. ದೇಶದ ಜನ ಸುಮಾರು 1 ಕೋಟಿ, ಕೇರಳದ ಮೂರನೇ ಒಂದು ಪಾಲೂ ಇಲ್ಲ, ಆದರೆ ಜಗತ್ತಿನ ಸರಕು ಹಡಗುಗಳ ಲೆಕ್ಕ ಹಾಕಿದರೆ ಮೇಲಿನ ಸಾಲಿನಲ್ಲೇ ಇದ್ದಾರೆ. ನಮ್ಮ ಚೀಫ್ ಇಂಜಿನಿಯರ್ ಹಿಯೋಸ್ ಅನ್ನುವ ದ್ವೀಪದವರು. ಟರ್ಕಿಯ ದಡ ಅಲ್ಲಿಂದ ಕಣ್ಣಿಗೆ ಕಾಣುತ್ತದಂತೆ. ಒಳ್ಳೆಯ ಮನುಷ್ಯ, ಬೈದರೂ ಆಮೇಲೆ ಕರೆದು ಕಾಫಿ ಕೊಡುವ ಜಾತಿ.

ಒಂದು ರಾತ್ರಿ ಪಂಪ್ ರಿಪೇರಿ ಮುಗಿಸಿ ಕೂತಿದ್ದೆವು. ನಾನು ಸುಮ್ನೆ ಮಾತಿಗೆ ಅಂತ, ನೀವು ಪುಣ್ಯವಂತರು ಚೀಫ್, ಸಾಕ್ರೆಟಿಸ್, ಪ್ಲೇಟೋ, ಅಲೆಕ್ಸಾಂಡರ್ ಎಲ್ಲ ನಿಮ್ಮವರು, ಎಷ್ಟು ಹೆಮ್ಮೆ ಇರಬೇಕು ಅಂದೆ. ಅವರು ಕಪ್ ಕೆಳಗಿಟ್ಟರು. ಬದುಕಿರುವ ಒಬ್ಬ ಗ್ರೀಕನ ಹೆಸರು ಹೇಳು ನೋಡುವ ಅಂದರು. ನನಗೆ ಒಂದೂ ಬರಲಿಲ್ಲ ಮಾರಾಯ್ರೆ. ಪಕ್ಕದಲ್ಲಿದ್ದ ಫಿಲಿಪಿನೋ ಹುಡುಗ ಬಾಸ್ಕೆಟ್‌ಬಾಲ್ ಹುಚ್ಚ, ಅವನು ಯಾನಿಸ್ ಅಂಟೆಟೊಕುಂಪೊ ಅಂತ ಪಿಸುಗುಟ್ಟಿದ. ಚೀಫ್ ಜೋರಾಗಿ ನಕ್ಕರು. ಯಾನಿಸ್‌ನ ಅಪ್ಪ ಅಮ್ಮ ನೈಜೀರಿಯಾದವರು, ಅವನು ಹುಟ್ಟಿದ್ದು ಬೆಳೆದದ್ದು ಅಥೆನ್ಸಿನಲ್ಲೇ, ಆದರೂ 18 ವರ್ಷದವರೆಗೆ ನಮ್ಮ ಸರಕಾರ ಅವನಿಗೆ ಪೌರತ್ವ ಕೊಡಲಿಲ್ಲ, ಈಗ ಗೊತ್ತಿರುವ ಒಬ್ಬನೇ ಗ್ರೀಕ ಅವನೇ ನೋಡು ಅಂದರು.

ಆಮೇಲೆ ನಗು ನಿಂತಿತು. ಯಾವ ಬಂದರಿಗೆ ಹೋದರೂ ಜನ ನನ್ನ ಮುಖ ನೋಡುವುದಿಲ್ಲ, ನನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ಭುಜದ ಮೇಲಿಂದ ನೋಡಿ ಅವರಿಗೆ ನಮಸ್ಕಾರ ಮಾಡುತ್ತಾರೆ ಅಂದರು. ಕೊನೆಗೆ ಒಂದು ಮಾತು ಹೇಳಿ ಎದ್ದು ಹೋದರು. ಗ್ರೀಕರು ತಮ್ಮನ್ನು ಹೆಲೆನ್ ಅಂತ ಕರೆದುಕೊಳ್ಳುವುದು, ಆದರೆ ಅವರ ಅಜ್ಜಿ ತಾನು ಹೆಲೆನ್ ಅಂತ ಯಾವತ್ತೂ ಹೇಳಿಕೊಂಡವಳಲ್ಲವಂತೆ. ರೋಮಿಯಾ ಅನ್ನುತ್ತಿದ್ದಳಂತೆ, ಅಂದರೆ ರೋಮಿನವಳು!

ನನ್ನ ಪ್ರಶ್ನೆ ಎರಡು. ಗ್ರೀಕ್ ಅಜ್ಜಿ ರೋಮಿನವಳು ಹೇಗೆ ಆಗುತ್ತಾಳೆ? ಮತ್ತೆ ಹೊಗಳಿದರೆ ಸಿಟ್ಟು ಯಾಕೆ? ಎರಡನೆಯದು ನನಗೆ ಅರ್ಧ ಗೊತ್ತು ಅಂತಲೂ ಅನಿಸುತ್ತದೆ. ಬೆಂಗಳೂರಿನಲ್ಲಿ ಓದುವಾಗ ಊರು ಕಾಸರಗೋಡು ಅಂದರೆ, ಓ ಮಲಯಾಳಿನಾ, ಕನ್ನಡ ಚೆನ್ನಾಗಿ ಕಲಿತಿದ್ದೀರಿ ಅನ್ನುತ್ತಿದ್ದರು. ಇನ್ನು ಕೆಲವರು, ಅಯ್ಯೋ ಗಡಿನಾಡಿನವರದ್ದೇ ಅಪ್ಪಟ ಕನ್ನಡ, ನೀವೇ ಉಳಿಸಬೇಕು ಅಂತ ಕೈ ಹಿಡಿದುಕೊಳ್ಳುತ್ತಿದ್ದರು. ನನಗೆ ಎರಡೂ ಒಂದೇ ಥರ ಚುಚ್ಚುತ್ತಿತ್ತು.


ನೀರ್ಚಾಲು_ಮಾಷ್ಟ್ರು:

ನಾನು ನಿವೃತ್ತ ಚರಿತ್ರೆ ಮಾಷ್ಟ್ರು, ಈ ವಿಷಯ ಸಿಕ್ಕಿದರೆ ನಿಲ್ಲಿಸುವುದು ಕಷ್ಟ. ಮೊದಲು ಅಜ್ಜಿಯಿಂದ ಶುರು ಮಾಡುವ, ಬೀಗದ ಕೈ ಇರುವುದು ಅವರ ಸೊಂಟದಲ್ಲೇ.

ಗ್ರೀಕ್ ಮಾತಾಡುವ ನಾಡುಗಳು ರೋಮನ್ ಸಾಮ್ರಾಜ್ಯದ ಪೂರ್ವ ಭಾಗದಲ್ಲಿದ್ದವು. 212ರಲ್ಲಿ ಕ್ಯಾರಕಲ್ಲಾ ಅನ್ನುವ ಸಾಮ್ರಾಟ ಒಳಗಿದ್ದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ರೋಮನ್ ಪೌರತ್ವ ಕೊಟ್ಟ. ಪಶ್ಚಿಮದ ಅರ್ಧ ಐದನೇ ಶತಮಾನದಲ್ಲಿ ಬಿತ್ತು. ಪೂರ್ವದ್ದು ಬೀಳಲಿಲ್ಲ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿ 1453ರವರೆಗೆ ನಡೆಯಿತು. ಪಾಠಪುಸ್ತಕದಲ್ಲಿ ಬೈಜಾಂಟೈನ್ ಅಂತ ಬರುತ್ತದಲ್ಲ, ಅದು ಆ ರಾಜ್ಯ ಮುಳುಗಿದ ಮೇಲೆ ವಿದ್ವಾಂಸರು ಅಂಟಿಸಿದ ಹೆಸರು. ಅಲ್ಲಿನವರ ಮಾತು ಗ್ರೀಕ್, ಧರ್ಮ ಕ್ರೈಸ್ತ, ಹೆಸರು ರೋಮನ್. ಹೆಲೆನ್ ಅಂದರೆ ಅವರ ಬಾಯಲ್ಲಿ ಹಳೇ ವಿಗ್ರಹಗಳನ್ನು ಪೂಜಿಸುವವನು ಅಂತ, ಅಂದರೆ ಸ್ವಲ್ಪ ಬೈಗುಳವೇ. ತುರ್ಕರು ಬಂದ ಮೇಲೂ ಆ ರೋಮನ್ ಹೆಸರು ಹೋಗಲಿಲ್ಲ. ತುರ್ಕರು ಇವರನ್ನು ರೂಮ್ ಅಂದರು, ಇವರು ತಮ್ಮನ್ನು ರೋಮಿಯೋಸ್, ಹೆಂಗಸಾದರೆ ರೋಮಿಯಾ ಅಂದುಕೊಂಡರು.

ಪೀಟರ್ ಚರಾನಿಸ್ ಅಂತ ಒಬ್ಬ ಇತಿಹಾಸಕಾರರಿದ್ದರು, ಲೆಮ್ನೋಸ್ ದ್ವೀಪದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದವರು. ಅವರು ಹೇಳಿದ ಕತೆ ಒಂದು ಉಂಟು. 1912ರಲ್ಲಿ ಗ್ರೀಕ್ ಸೈನ್ಯ ಆ ದ್ವೀಪವನ್ನು ತುರ್ಕರಿಂದ ಬಿಡಿಸಿಕೊಂಡಾಗ ಮಕ್ಕಳೆಲ್ಲ ಸೈನಿಕರನ್ನು ನೋಡಲು ಓಡಿದರು. ಏನು ನೋಡುತ್ತೀರಿ ಅಂತ ಸೈನಿಕ ಕೇಳಿದ. ಹೆಲೆನ್‌ಗಳನ್ನು ನೋಡುತ್ತೇವೆ ಅಂದರು ಮಕ್ಕಳು. ಹಾಗಾದರೆ ನೀವು ಹೆಲೆನ್ ಅಲ್ವಾ? ಅಲ್ಲ, ನಾವು ರೋಮನ್ನರು. ಇದು ನಡೆದದ್ದು ನನ್ನ ಅಪ್ಪ ಹುಟ್ಟುವುದಕ್ಕಿಂತ ಸ್ವಲ್ಪ ಮುಂಚೆ ಅಷ್ಟೇ. ಹಿಯೋಸ್ ಕೂಡ ಗ್ರೀಸಿಗೆ ಸೇರಿದ್ದು ಅದೇ 1912ರಲ್ಲಿ, ಹಾಗಾಗಿ ನಿಮ್ಮ ಚೀಫಿನ ಅಜ್ಜಿ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಹೆಲೆನ್ ಅನ್ನುವ ಹೆಸರು ವಾಪಸ್ ಬಂದದ್ದು ಹೇಗೆ? ಹದಿನೆಂಟನೇ ಶತಮಾನದ ಕೊನೆಗೆ ಹೊರಗೆ ಓದಿ ಬಂದ ಗ್ರೀಕ್ ವ್ಯಾಪಾರಿಗಳು, ಪಂಡಿತರು ಅದನ್ನು ಎತ್ತಿದರು. ಯುರೋಪಿನ ಓದಿದ ಜನಕ್ಕಂತೂ ಹಳೇ ಗ್ರೀಸ್ ಅಂದರೆ ಹುಚ್ಚು. 1821ರಲ್ಲಿ ತುರ್ಕರ ವಿರುದ್ಧ ದಂಗೆ ಶುರುವಾದಾಗ ಎಷ್ಟೋ ಯುರೋಪಿಯನ್ನರು ಹೋರಾಡಲು ಹೋದರು, ಕವಿ ಬೈರನ್ 1824ರಲ್ಲಿ ಅಲ್ಲೇ ಜ್ವರ ಬಂದು ಸತ್ತ. ಅವರು ಹುಡುಕಿಕೊಂಡು ಹೋದದ್ದು ಹಳೇ ಅಥೆನ್ಸಿನ ನಾಯಕ ಪೆರಿಕ್ಲಿಸ್‌ನ ಮಕ್ಕಳನ್ನು, ಸಿಕ್ಕಿದ್ದು ಮೀಸೆ ಬಿಟ್ಟ ಬೆಟ್ಟದ ಬಂಟರು, ಆಡು ಕಾಯುವವರು, ಹಡಗಿನವರು. ಆ ದಂಗೆಯ ನೌಕಾಯುದ್ಧಕ್ಕೆ ಹೆಗಲು ಕೊಟ್ಟ ಹೈಡ್ರಾ, ಸ್ಪೆಟ್ಸೆಸ್ ದ್ವೀಪದವರ ಮನೆಮಾತು ಗ್ರೀಕ್ ಕೂಡ ಅಲ್ಲ, ಅಲ್ಬೇನಿಯನ್ ಕಡೆಯ ಅರ್ವಾನಿತಿಕಾ. ನಮ್ಮಲ್ಲಿ ಮನೆಯಲ್ಲಿ ತುಳು ಮಾತಾಡಿ ಕನ್ನಡಕ್ಕಾಗಿ ಹೋರಾಡಿದವರಿಲ್ಲವಾ, ಕಯ್ಯಾರ ಕಿಞ್ಞಣ್ಣ ರೈಗಳ ಹಾಗೆ, ಅದೇ ಥರ.

ಯುದ್ಧ ಗೆದ್ದ ಮೇಲೆ ದೊಡ್ಡ ದೇಶಗಳು ಸೇರಿ ಜರ್ಮನಿ ಕಡೆಯ ಬವೇರಿಯಾದ ರಾಜನ ಎರಡನೇ ಮಗ ಓಟೋನನ್ನು ತಂದು ಕೂರಿಸಿದವು. ಬಂದು ಇಳಿದಾಗ ಅವನಿಗೆ 17 ವರ್ಷ. 1834ರಲ್ಲಿ ರಾಜಧಾನಿಯನ್ನು ನಾಫ್ಪ್ಲಿಯೋದಿಂದ ಅಥೆನ್ಸಿಗೆ ತಂದರು. ಆಗ ಅಥೆನ್ಸ್ ಯುದ್ಧದಲ್ಲಿ ಮುರಿದುಬಿದ್ದ ಸಣ್ಣ ಊರು, ಬಂದರು ಕೂಡ ಅಲ್ಲ. ಹೆಸರಿಗಾಗಿಯೇ ಆರಿಸಿದ್ದು. ಆಮೇಲೆ ಆಕ್ರೊಪೊಲಿಸ್ ಬೆಟ್ಟವನ್ನು ಕೆರೆಯಲು ಶುರು ಮಾಡಿದರು. ಅದರ ಮೇಲಿನ ಪಾರ್ಥೆನಾನ್ ಕ್ರಿಸ್ತಪೂರ್ವ ಐದನೇ ಶತಮಾನದ ಗುಡಿ ಹೌದು, ಆದರೆ ಅದು ಸುಮಾರು ಸಾವಿರ ವರ್ಷ ಚರ್ಚ್ ಆಗಿತ್ತು, ಆಮೇಲೆ ಮಸೀದಿ. 1687ರಲ್ಲಿ ವೆನಿಸಿನವರ ಗುಂಡು ಒಳಗಿದ್ದ ಮದ್ದಿಗೆ ಬಿದ್ದು ಸಿಡಿಯಿತು. ಒಳಗೆ ಆಮೇಲೆ ಕಟ್ಟಿದ ಸಣ್ಣ ಮಸೀದಿಯನ್ನು ತೆಗೆದರು, ಸುತ್ತಲಿನ ಮನೆಗಳನ್ನು ತೆಗೆದರು, ಪಶ್ಚಿಮ ಯುರೋಪಿನಿಂದ ಬಂದು ಆಳಿದ ಫ್ರಾಂಕರ ಕಾಲದ ಎತ್ತರದ ಗೋಪುರವನ್ನು 1875ರಲ್ಲಿ ಕೆಡವಿದರು, ಅದಕ್ಕೆ ದುಡ್ಡು ಕೊಟ್ಟವನು ಟ್ರಾಯ್ ಅಗೆದ ಶ್ಲೀಮಾನ್. ನಾವು ಫೋಟೋದಲ್ಲಿ ನೋಡುವ ಬೋಳು ಬಿಳಿ ಬೆಟ್ಟ ಹತ್ತೊಂಬತ್ತನೇ ಶತಮಾನದವರು ಮಾಡಿದ್ದು.

ಅಷ್ಟರಲ್ಲಿ ಫಾಲ್ಮೆರಾಯರ್ ಅಂತ ಒಬ್ಬ ಜರ್ಮನ್ ಪಂಡಿತ, 1830ರಲ್ಲಿ, ಹಳೇ ಗ್ರೀಕರ ರಕ್ತ ಒಂದು ಹನಿಯೂ ಇವರಲ್ಲಿ ಉಳಿದಿಲ್ಲ, ಇವರೆಲ್ಲ ಸ್ಲಾವ್ ಮತ್ತು ಅಲ್ಬೇನಿಯನ್ ಜನ ಅಂತ ಬರೆದುಬಿಟ್ಟ. ಊಹಿಸಿ ನೋಡಿ. ಒಬ್ಬ ಬಂದು ನೀನು ಅಜ್ಜನ ಹಾಗೆ ಇರಬೇಕು ಅನ್ನುತ್ತಾನೆ, ಇನ್ನೊಬ್ಬ ಬಂದು ಅವರು ನಿನ್ನ ಅಜ್ಜನೇ ಅಲ್ಲ ಅನ್ನುತ್ತಾನೆ. ಇಬ್ಬರಿಗೂ ಉತ್ತರ ಕೊಡಲು ಹೋಗಿ ಪಾಪಾರಿಗೊಪೌಲೋಸ್ ಅನ್ನುವ ಇತಿಹಾಸಕಾರ 1860ರಿಂದ 1874ರವರೆಗೆ ಸಂಪುಟದ ಮೇಲೆ ಸಂಪುಟ ಬರೆದ. ಹಳೇ ಗ್ರೀಸ್, ಬೈಜಾಂಟಿಯಂ, ಇಂದಿನ ಗ್ರೀಸ್ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ. ನಿಮ್ಮ ಚೀಫ್ ಶಾಲೆಯಲ್ಲಿ ಕಲಿತದ್ದು ಹೆಚ್ಚುಕಡಿಮೆ ಅದೇ ದಾರವನ್ನು. ಮನೆಯಲ್ಲಿ ಅಜ್ಜಿ ಬೇರೆ ಹೇಳುತ್ತಿದ್ದಳು.


ಹೊಸೂರು_ಹೈದ:

ಮಾಷ್ಟ್ರ ಬರಹ ಚೆನ್ನಾಗಿದೆ, ಆದರೆ ನನಗೆ ಈ ಕೊರಗು ಅರ್ಥ ಆಗಲಿಲ್ಲ. ಹಿರಿಯರ ಆಸ್ತಿ ಇರುವವನು ಭಾರ ಅಂತ ಅಳಬಾರದು, ಇಲ್ಲದವನನ್ನು ಕೇಳಿ ನೋಡಲಿ. ಹೊಸೂರಿನಲ್ಲಿ ಯಾರಾದರೂ ನಿಮ್ಮ ಕನ್ನಡ ಏನು ಮಹಾ ಅಂದರೆ ನಾನು ತೆಗೆಯೋದೇ ಹಲ್ಮಿಡಿ ಶಾಸನ, ಕವಿರಾಜಮಾರ್ಗ. ಕಾವೇರಿಯಿಂದ ಗೋದಾವರಿವರೆಗೆ ಅಂತ ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. 2008ರಲ್ಲಿ ಶಾಸ್ತ್ರೀಯ ಭಾಷೆ ಅಂತ ಕೇಂದ್ರವೇ ಒಪ್ಪಿತು. ಇಷ್ಟು ಇಲ್ಲದಿದ್ದರೆ ಗಡಿಯಲ್ಲಿ ನಮ್ಮ ಮಾತು ಯಾರು ಕೇಳ್ತಾರೆ? ಆ ಚೀಫ್‌ಗೆ ಹೇಳಿ, ಸಾಕ್ರೆಟಿಸ್ ಬೇಡವಾದರೆ ನಮಗೆ ಕೊಡಲಿ.


ಅಕ್ಕಲಕೋಟೆ_ಸೊಸೆ:

ಹೊಸೂರಿನ ತಮ್ಮಾ, ಆಸ್ತಿ ಕೊಡುವಾಗ ಪತ್ರದಲ್ಲಿ ಯಾರ ಹೆಸರು ಬಿಟ್ಟರು ಅಂತಲೂ ನೋಡಬೇಕು. ನಾನು 1923ರ ವಿಷಯ ಬರೆಯುತ್ತೇನೆ, ಮಾಷ್ಟ್ರು ಅಲ್ಲಿಯವರೆಗೆ ಬರಲಿಲ್ಲ.

ಒಂದನೇ ಮಹಾಯುದ್ಧದ ನಂತರ ಗ್ರೀಕ್ ಸೈನ್ಯ ಟರ್ಕಿಯ ಒಳಗೆ ನುಗ್ಗಿತು, 1922ರಲ್ಲಿ ಸೋತಿತು, ಸ್ಮಿರ್ನಾ ಪಟ್ಟಣ ಸುಟ್ಟುಹೋಯಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೂತು ಎರಡೂ ಸರಕಾರಗಳು ಜನರನ್ನೇ ಅದಲುಬದಲು ಮಾಡಿಕೊಳ್ಳಲು ಒಪ್ಪಿದವು. ಟರ್ಕಿಯಿಂದ ಗ್ರೀಸಿಗೆ ಬಂದವರು, ಮೊದಲೇ ಓಡಿಬಂದವರನ್ನೂ ಸೇರಿಸಿ, ಸುಮಾರು 12 ಲಕ್ಷ. ಗ್ರೀಸಿನಿಂದ ಟರ್ಕಿಗೆ ಹೋದವರು ಸುಮಾರು 4 ಲಕ್ಷ. ಇಸ್ತಾಂಬುಲ್‌ನ ಗ್ರೀಕರನ್ನೂ ಗ್ರೀಸಿನ ಪಶ್ಚಿಮ ಥ್ರೇಸಿನ ಮುಸ್ಲಿಮರನ್ನೂ ಈ ಲೆಕ್ಕದಿಂದ ಬಿಟ್ಟರು. ಯಾರು ಗ್ರೀಕ, ಯಾರು ತುರ್ಕ ಅಂತ ಹೇಗೆ ತೀರ್ಮಾನ ಮಾಡಿದರು ಗೊತ್ತಾ? ಧರ್ಮ ನೋಡಿ. ಕ್ರೀಟ್ ದ್ವೀಪದಲ್ಲಿ ಗ್ರೀಕ್ ಬಿಟ್ಟು ಬೇರೆ ಮಾತು ಬಾರದ ಮುಸ್ಲಿಮರು ತುರ್ಕರಾಗಿ ಹಡಗು ಹತ್ತಿದರು. ಟರ್ಕಿಯ ನಡುವಿನ ಕಪಡೋಕಿಯಾ ಕಡೆ ತುರ್ಕಿ ಬಿಟ್ಟು ಬೇರೆ ಬಾರದ ಕ್ರೈಸ್ತರು ಗ್ರೀಕರಾಗಿ ಬಂದು ಇಳಿದರು. ಅವರನ್ನು ಕರಮಾನ್ಲಿಗಳು ಅಂತಾರೆ. ಅವರು ತುರ್ಕಿ ಮಾತನ್ನು ಗ್ರೀಕ್ ಅಕ್ಷರದಲ್ಲಿ ಬರೆಯುತ್ತಿದ್ದರು. ಪ್ರಾರ್ಥನೆ ಪುಸ್ತಕ, ಪತ್ರಿಕೆ, ಗೋರಿಕಲ್ಲು ಎಲ್ಲ ಹಾಗೇ.

ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ಕಂಡಿತು. ಮದುವೆಯಾಗಿ ಅಕ್ಕಲಕೋಟೆಗೆ ಬಂದ ಹೊಸದರಲ್ಲಿ ನನ್ನ ಅತ್ತೆಯ ದೇವರ ಹಾಡಿನ ವಹಿ ನೋಡಿದೆ. ಅಕ್ಷರ ದೇವನಾಗರಿ, ಮರಾಠಿ ಇರಬೇಕು ಅಂತ ಓದಲು ಹೋದರೆ ಒಳಗೆಲ್ಲ ಕನ್ನಡ! ಬಸವಣ್ಣನ ವಚನವೂ ಇತ್ತು. ಅವರಿಗೆ ಶಾಲೆಯಲ್ಲಿ ಸಿಕ್ಕಿದ್ದು ಆ ಅಕ್ಷರ, ಬಾಯಲ್ಲಿ ಇದ್ದದ್ದು ಈ ಮಾತು. ಈಗ ನನ್ನ ಮಗಳು ವಾಟ್ಸಾಪಿನಲ್ಲಿ ಅದನ್ನೇ ಮಾಡುತ್ತಾಳೆ. ಯಾರಾದರೂ ಬಂದು ಅತ್ತೆಯನ್ನು ಕನ್ನಡದವರಾ ಮರಾಠಿಯವರಾ, ಒಂದು ಗೆರೆಯ ಮೇಲೆ ಟಿಕ್ ಹಾಕಿ ಅಂದಿದ್ದರೆ ಆಕೆ ಮೊದಲು ಚಹಾ ಕುಡೀತೀರಾ ಅಂತ ಕೇಳುತ್ತಿದ್ದಳು.

ಇನ್ನು ಆ 12 ಲಕ್ಷ ಜನಕ್ಕೆ ಗ್ರೀಸಿನಲ್ಲಿ ಸಿಕ್ಕ ಸ್ವಾಗತ. ಅಲ್ಲಿನವರು ಇವರನ್ನು ತುರ್ಕರ ಬೀಜ ಅಂದರು. ಇನ್ನೊಂದು ಬೈಗುಳ ಮೊಸರಿನಲ್ಲಿ ದೀಕ್ಷೆ ಪಡೆದವರು ಅಂತ, ಇವರ ಅಡುಗೆಯಲ್ಲಿ ಮೊಸರು ಜಾಸ್ತಿ ಅಂತ ಹಾಗೆ. (ಮೊಸರು ತಿನ್ನುವುದು ಬೈಗುಳ ಆದರೆ ನಾವೆಲ್ಲ ಎಲ್ಲಿಗೆ ಹೋಗೋಣ?) ಗ್ರೀಸಿನಲ್ಲಿ ಮೊದಲೇ ಇದ್ದ ಸ್ಲಾವ್ ಮಾತಿನ ಹಳ್ಳಿಗಳು, ತುರ್ಕಿ ಹೆಸರಿನ ಹಳ್ಳಿಗಳು, ಅವುಗಳ ಹೆಸರನ್ನೂ ಆ ಕಾಲದಲ್ಲೇ ಸಾಲಾಗಿ ಬದಲಾಯಿಸಿದರು. ಹಳೇ ಪುಸ್ತಕ ತೆಗೆದು ಹಳೇ ಗ್ರೀಕ್ ಹೆಸರು ಹುಡುಕಿ ಇಟ್ಟರು. ಬೋರ್ಡಿನ ಮೇಲೆ ಪುರಾಣ, ಒಳಗೆ ಮುದುಕರ ಬಾಯಲ್ಲಿ ಬೇರೆ ಹೆಸರು.


ಕುಂಬಳೆ_ಕಡಲು:

ಊರಿನ ಹೆಸರು ಅಂದಾಗ ನಗು ಬಂತು ಅಕ್ಕ. ಬೋರ್ಡಿನಲ್ಲಿ ನಮ್ಮೂರು ಕುಂಬ್ಳ, ನಾನು ಬರೆಯುವುದು ಕುಂಬಳೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಸ್ಪೆಲಿಂಗ್. ಒಂದು ಬಂದರಿನಲ್ಲಿ ಇದೇ ವಿಷಯಕ್ಕೆ ಅರ್ಧ ಗಂಟೆ ನಿಲ್ಲಿಸಿದ್ದರು.

ಮಾಷ್ಟ್ರೇ, ಇನ್ನೊಂದು. ಚೀಫ್‌ಗೆ ಹಳೇ ಗ್ರೀಕ್ ಓದಲು ಬರುತ್ತದಾ? ನಮಗೆ ಪಂಪ ಓದಿದ ಹಾಗೆ ಇರುತ್ತದಾ? ಶಾಲೆಯಲ್ಲಿ ಹಳೇ ಗ್ರೀಕ್ ಪಾಠಕ್ಕೆ ಹೊಡೆತ ತಿಂದದ್ದನ್ನು ಅವರು ಒಮ್ಮೆ ಹೇಳಿದ್ದರು.


ನೀರ್ಚಾಲು_ಮಾಷ್ಟ್ರು:

ಪಂಪನ ಹೋಲಿಕೆ ಸುಮಾರಾಗಿ ಸರಿ. ಅಕ್ಷರ ಅದೇ, ಎಷ್ಟೋ ಶಬ್ದ ಅದೇ, ಆದರೆ ಪಾಠ ಹೇಳಿಸಿಕೊಳ್ಳದೆ ತಲೆಗೆ ಹತ್ತುವುದಿಲ್ಲ. ಬೈಬಲ್ಲಿನ ಗ್ರೀಕ್ ಆದರೆ ಸ್ವಲ್ಪ ಹತ್ತಿರ.

ಆದರೆ ಅವರಲ್ಲಿ ಆದದ್ದು ನಮಗೆ ಆಗಲಿಲ್ಲ. ಹೊಸ ದೇಶ ಹುಟ್ಟಿದಾಗ ಯಾವ ಗ್ರೀಕಿನಲ್ಲಿ ಬರೆಯಬೇಕು ಅನ್ನುವ ಪ್ರಶ್ನೆ ಬಂತು. ಪ್ಯಾರಿಸಿನಲ್ಲಿದ್ದ ಕೊರಾಯಿಸ್ ಅನ್ನುವ ವಿದ್ವಾಂಸ, ಅವನ ಮನೆತನವೂ ನಿಮ್ಮ ಚೀಫಿನ ಹಿಯೋಸ್ ಕಡೆಯದ್ದೇ, ಜನರ ಮಾತನ್ನು ತೊಳೆದು ತುರ್ಕಿ ಇಟಾಲಿಯನ್ ಶಬ್ದಗಳನ್ನು ತೆಗೆದು ಹಳೇದರ ಕಡೆಗೆ ಎಳೆಯಬೇಕು ಅಂದ. ಅದರಿಂದ ಕಥರೆವೂಸಾ ಅನ್ನುವ ಬರಹದ ಭಾಷೆ ಬೆಳೆಯಿತು. ಹೆಸರಿನ ಅರ್ಥವೇ ಶುದ್ಧ ಮಾಡಿದ್ದು ಅಂತ. ಮನೆಯಲ್ಲಿ ರೊಟ್ಟಿಗೆ ಪ್ಸೊಮಿ, ಕಾಗದದಲ್ಲಿ ಆರ್ತೋಸ್. ಮನೆಯಲ್ಲಿ ಕುಡಿಯುವುದು ಕ್ರಾಸಿ, ಕಾಗದದಲ್ಲಿ ಈನೋಸ್. ಮೀನು ಹಿಡಿಯುವವನಿಗೆ ಅದು ಪ್ಸಾರಿ, ಸರಕಾರಕ್ಕೆ ಇಖ್ಥಿಸ್. ಮನೆ ಅನ್ನುವುದಕ್ಕೇ ಎರಡು ಶಬ್ದ. ಒಂದು ಮಗು ಶಾಲೆಗೆ ಹೋದರೆ ಅದು ಕಲಿಯುವ ಮೊದಲ ಪಾಠ ನಿನ್ನ ಅಮ್ಮನ ಮಾತು ತಪ್ಪು ಅಂತ.

ಇದು ಬರೀ ಪಂಡಿತರ ಜಗಳ ಅಲ್ಲ. 1901ರಲ್ಲಿ ಒಂದು ಪತ್ರಿಕೆ ಬೈಬಲ್ಲಿನ ಸುವಾರ್ತೆಯನ್ನು ಆಡುಮಾತಿಗೆ ತಂದು ಪ್ರಕಟಿಸಿತು ಅಂತ ಅಥೆನ್ಸಿನಲ್ಲಿ ದೊಂಬಿ ಆಯಿತು, 8 ಜನ ಸತ್ತರು, ಸರಕಾರ ಬಿತ್ತು. 1967ರಿಂದ 1974ರವರೆಗೆ ಆಳಿದ ಸೈನ್ಯದ ಕರ್ನಲ್‌ಗಳಿಗಂತೂ ಕಥರೆವೂಸಾ ಅಂದರೆ ಪ್ರಾಣ, ಭಾಷಣವೆಲ್ಲ ಅದರಲ್ಲೇ. ಅವರು ಹೋದ ಮೇಲೆ ಜನಕ್ಕೆ ಆ ಭಾಷೆಯೂ ಸಾಕಾಯಿತು. 1976ರಲ್ಲಿ ಆಡುಮಾತನ್ನೇ ಶಾಲೆಗೆ, ಕಚೇರಿಗೆ ತಂದರು. 1982ರಲ್ಲಿ ಅಕ್ಷರದ ತಲೆ ಮೇಲಿದ್ದ ಹಳೇ ಗುರುತುಗಳನ್ನು ಕಿತ್ತು ಒಂದನ್ನು ಉಳಿಸಿಕೊಂಡರು. ಬೇಕರಿಯ ಬೋರ್ಡಿನಲ್ಲಿ ಇಂದಿಗೂ ಆರ್ತೋಪೀಯೋ ಅಂತ ಇರುತ್ತದೆ, ಒಳಗೆ ಹೋಗಿ ಕೇಳುವುದು ಪ್ಸೊಮಿ. ನನಗೆ ಇದು ಬಹಳ ಇಷ್ಟ.


ಮಂಜೇಶ್ವರದ_ಅಕ್ಕ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಗ್ರೀಕ್ ಅಂದ ಮೇಲೆ ನಮ್ಮೂರಿನ ಹೆಸರು ಬರಲೇಬೇಕಲ್ಲ, ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಎತ್ತುತ್ತೇನೆ.

ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಾಳೂರಿನ ಕಸದ ಗುಡ್ಡೆಯಲ್ಲಿ ಒಂದು ಪಪೈರಸ್ ಸಿಕ್ಕಿತು, 1903ರಲ್ಲಿ ಅಚ್ಚಾಯಿತು. ಸುಮಾರು ಎರಡನೇ ಶತಮಾನದ ಗ್ರೀಕ್ ಪ್ರಹಸನ. ಖಾರಿಟಿಯೋನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸೆರೆಯಾಗಿದ್ದಾಳೆ, ಅವಳ ಅಣ್ಣ ಇಲ್ಲಿನ ರಾಜನಿಗೂ ಅವನ ಜನಕ್ಕೂ ಚೆನ್ನಾಗಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಇಲ್ಲಿಯವರು ಆಡುವ ಮಾತು ಗ್ರೀಕ್ ಅಲ್ಲ, ಬೇರೇನೋ. ಹುಲ್ಷ್ ಅನ್ನುವ ಜರ್ಮನ್ ವಿದ್ವಾಂಸ 1904ರಲ್ಲಿ ಅದು ಕನ್ನಡ ಇರಬಹುದು ಅಂದ. ಆಮೇಲೆ ನಮ್ಮ ಶಾಮಶಾಸ್ತ್ರಿಗಳು ಅದನ್ನು ಬಿಡಿಸಲು ಕೂತರು, ನಮ್ಮೂರ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಮತ್ತೆ ಕೆಲವರು ಅದು ತುಳು ಅಂದರು. ಇನ್ನು ಕೆಲವರು, ಅದು ಯಾವ ಭಾಷೆಯೂ ಅಲ್ಲ, ನಗಿಸಲು ಸುಮ್ನೆ ಮಾಡಿದ ಗೊಜಗೊಜ ಶಬ್ದ ಅನ್ನುತ್ತಾರೆ. ಇಂದಿಗೂ ಎಲ್ಲರೂ ಒಪ್ಪಿದ ಉತ್ತರ ಇಲ್ಲ.

ನಾನು ಚಿಕ್ಕವಳಿದ್ದಾಗ ಸಭೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆ! ಎರಡು ಸಾವಿರ ವರ್ಷದ ಹಿಂದೆ ಗ್ರೀಕರೇ ಕನ್ನಡ ಬರೆದರು ಅಂತ ಮೈಕಿನಲ್ಲಿ ಹೇಳಿದರೆ ಚಪ್ಪಾಳೆಯೋ ಚಪ್ಪಾಳೆ. ಆ ನಾಟಕದಲ್ಲಿ ನಮ್ಮವರು ಕುಡಿದು ಬೀಳುವ ಪೆದ್ದರು, ಗ್ರೀಕ್ ಪ್ರೇಕ್ಷಕರು ನಮ್ಮನ್ನು ನೋಡಿ ನಗಲಿ ಅಂತಲೇ ಬರೆದದ್ದು. ಅದನ್ನು ಮಾತ್ರ ಯಾವ ಭಾಷಣಕಾರರೂ ಹೇಳಲಿಲ್ಲ, ನಾನೇ ದೊಡ್ಡವಳಾಗಿ ಓದಿ ತಿಳಿದೆ. ಯಾರೋ ದೂರದವರು ನಮ್ಮನ್ನು ಗೇಲಿ ಮಾಡಿದ ಚೀಟಿಯನ್ನೂ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಆಸೆ ನಮಗೆ.

ಗೋವಿಂದ ಪೈಗಳನ್ನು ನಾನು ಆಡಿಕೊಳ್ಳುತ್ತಿಲ್ಲ, ಅವರು ಎಷ್ಟೋ ಭಾಷೆ ಕಲಿತು ಕಣ್ಣು ನೋಯಿಸಿಕೊಂಡು ಓದಿದವರು. ಅವರಿಗೆ ಅದು ಹುಡುಕಾಟ. ಮೈಕಿನವರಿಗೆ ಸರ್ಟಿಫಿಕೇಟು. ಹೊಸೂರಿನವರೇ, ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ ಅನ್ನುವ ಗಾದೆ ನಿಮ್ಮ ಕಡೆಯೂ ಇರಬೇಕಲ್ಲ?


ಹೊಸೂರು_ಹೈದ:

ಇದೆ ಇದೆ. ಆದರೆ ಅಕ್ಕ, ನೀವು ಇರೋದು ಗೋವಿಂದ ಪೈಗಳ ಊರಲ್ಲಿ, ನಿಮಗೆ ತುಪ್ಪದ ಮೇಲೆ ಜೋಕ್ ಮಾಡೋ ಧೈರ್ಯ ಇದೆ. ನಮ್ಮ ಊರಿನ ಶಾಲೆಯಲ್ಲಿ ಕನ್ನಡ ಮೀಡಿಯಂಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು ಅಂತ ಹೇಳಿದರೆ ನೀವೇ ನನಗೆ ತುಪ್ಪ ತಂದುಕೊಡ್ತೀರಿ. ಕೈಯಲ್ಲಿ ವಾಸನೆಯಾದರೂ ಇರಲಿ ಬಿಡಿ. ಕುಡಿದು ಬೀಳುವ ವಿಷಯ ನನಗೆ ಗೊತ್ತಿರಲಿಲ್ಲ, ಅದು ಒಪ್ಪಿಕೊಂಡೆ.


ಆದೋನಿ_ಅಂಗಡಿ:

ನಾನು ಪುಸ್ತಕ ಓದಿ ಬರೆಯುವವನಲ್ಲ, ಬಟ್ಟೆ ವ್ಯಾಪಾರ. ಟೂರ್‌ನಲ್ಲಿ ಅಥೆನ್ಸಿಗೆ ಹೋಗಿದ್ದೆ, ಕಂಡದ್ದು ಹೇಳ್ತೀನಿ.

ಆಕ್ರೊಪೊಲಿಸ್ ಬೆಟ್ಟದ ಕೆಳಗೆ ಹೊಸ ಮ್ಯೂಸಿಯಂ ಇದೆ, 2009ರಲ್ಲಿ ಶುರುವಾದದ್ದು. ಮೇಲಿನ ಮಹಡಿಯಲ್ಲಿ ಪಾರ್ಥೆನಾನ್‌ನ ಕೆತ್ತನೆಯ ಪಟ್ಟಿಯನ್ನು ಗುಡಿಯಲ್ಲಿದ್ದ ಅಳತೆಗೆ ಸರಿಯಾಗಿ ಜೋಡಿಸಿದ್ದಾರೆ, ಗಾಜಿನಿಂದ ಆಚೆ ನೋಡಿದರೆ ನಿಜವಾದ ಗುಡಿ ಕಾಣುತ್ತದೆ. ಆ ಪಟ್ಟಿಯಲ್ಲಿ ಕೆಲವು ಕಲ್ಲು ಹಳದಿ ಬಣ್ಣ, ಕೆಲವು ಬೆಳ್ಳಗೆ ಸುಣ್ಣದ ಹಾಗೆ. ಬೆಳ್ಳಗಿರುವುದು ಪ್ಲಾಸ್ಟರ್ ನಕಲು. ಅಸಲಿ ಲಂಡನ್‌ನಲ್ಲಿ. ಎಲ್ಗಿನ್ ಅನ್ನುವ ಬ್ರಿಟಿಷ್ ರಾಯಭಾರಿಯ ಜನ 1801ರಿಂದ ಕಳಚಿ ಕಳಚಿ ಕಳಿಸಿದರು, 1816ರಲ್ಲಿ ಬ್ರಿಟಿಷ್ ಸರಕಾರ ಕೊಂಡುಕೊಂಡಿತು. ಒಂದು ಕುದುರೆಯ ಮುಂಭಾಗ ಇಲ್ಲಿ, ಹಿಂಭಾಗ ಅಲ್ಲಿ ಅನ್ನುವ ಲೆಕ್ಕ. ಮೆಲಿನಾ ಮೆರ್ಕೂರಿ ಅಂತ ನಟಿಯಾಗಿದ್ದವರು 1981ರಲ್ಲಿ ಮಂತ್ರಿಯಾಗಿ ವಾಪಸ್ ಕೊಡಿ ಅಂತ ಗಟ್ಟಿಯಾಗಿ ಕೇಳಲು ಶುರು ಮಾಡಿದರು, ಇನ್ನೂ ಕೇಳುತ್ತಿದ್ದಾರೆ. ಅಲ್ಲಿ ನಿಂತಾಗ ನನಗೆ ಭಾರ ಗೀರ ಏನೂ ಅನಿಸಲಿಲ್ಲ, ಸಿಟ್ಟು ಬಂತು. ನನ್ನ ಮನೆ ಬಾಗಿಲಿನ ತೋರಣ ಪಕ್ಕದ ಮನೆಯವನು ತನ್ನ ಹಾಲಿನಲ್ಲಿ ಹಾಕಿಕೊಂಡ ಹಾಗೆ.

ಆದರೆ ನಮ್ಮ ಗೈಡ್ ಹೆಂಗಸು ಹೇಳಿದ್ದು ಬೇರೆ. 2010ರಲ್ಲಿ ಸಾಲ ತೀರಿಸಲಾಗದೆ ದೇಶ ಮುಳುಗಿದಾಗ ಒಂದು ಜರ್ಮನ್ ಪತ್ರಿಕೆ ಮುಖಪುಟದಲ್ಲಿ ಹಳೇ ಗ್ರೀಕ್ ವೀನಸ್ ವಿಗ್ರಹ ನಡುಬೆರಳು ತೋರಿಸುವ ಹಾಗೆ ಹಾಕಿತಂತೆ. ಸಾಲಗಾರ ಅಂತ ಬೈಯಲು ಕೂಡ ಅವರಿಗೆ ಎರಡು ಸಾವಿರ ವರ್ಷದ ಹಿಂದಿನ ಕಲ್ಲೇ ಬೇಕಾಯಿತು, ನನ್ನ ಮುಖ ಆಗಲಿಲ್ಲ ಅಂದಳು. ಅವಳ ಪೆನ್ಷನ್ ಆಗ ಕಡಿತ ಆದದ್ದಂತೆ. ಟಿಪ್ ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಇನ್ನೊಂದು, ಗ್ರೀಸಿನದ್ದೇ ಥೆಸಲೊನೀಕಿ ಅನ್ನುವ ದೊಡ್ಡ ಊರಿನ ಕತೆ. ಅಲ್ಲಿ ಮೆಟ್ರೋ ಕೆಲಸ 2006ರಲ್ಲಿ ಶುರುವಾಗಿ ರೈಲು ಓಡಿದ್ದು 2024ರ ನವೆಂಬರ್ ಕೊನೆಗೆ. ಅಗೆದಲ್ಲೆಲ್ಲ ಹಳೇ ರಸ್ತೆ, ಅಂಗಡಿ, ಗೋರಿ. ಒಂದು ಸ್ಟೇಷನ್ ಜಾಗದಲ್ಲಿ ಬೈಜಾಂಟೈನ್ ಕಾಲದ ಇಡೀ ಪೇಟೆ ಬೀದಿಯೇ ಸಿಕ್ಕಿ ವರ್ಷಗಟ್ಟಲೆ ಕೋರ್ಟು ಕಚೇರಿ ಆಯಿತು. ಭಾರ ಅಂದರೆ ಇದಪ್ಪಾ. ಹದಿನೆಂಟು ವರ್ಷ ಬಸ್ಸಿನಲ್ಲಿ ನಿಂತು ಹೋದವನನ್ನು ಕೇಳಬೇಕು.


ನೀರ್ಚಾಲು_ಮಾಷ್ಟ್ರು:

ಆದೋನಿಯವರು ನನಗಿಂತ ಚೆನ್ನಾಗಿ ಹೇಳಿದರು. ಒಂದು ಸೇರಿಸುತ್ತೇನೆ. ಅಲ್ಲಿ ಸಿಕ್ಕಿದ್ದು ಬೈಜಾಂಟೈನ್ ಬೀದಿ, ಅಂದರೆ ಅಜ್ಜಿಗೆ ರೋಮಿಯಾ ಅನ್ನುವ ಹೆಸರು ಕೊಟ್ಟ ಕಾಲದ್ದು. 1875ರಲ್ಲಾಗಿದ್ದರೆ ಅದನ್ನು ಒಡೆದು ಇನ್ನೂ ಕೆಳಗೆ ಹೋಗುತ್ತಿದ್ದರು ಅಂತ ನನ್ನ ಅನುಮಾನ. ಈಗ ಅದನ್ನೇ ಉಳಿಸಿ ಅಂತ ಜನ ಬೀದಿಗಿಳಿದರು.


ಕುಂಬಳೆ_ಕಡಲು:

ನಿಮ್ಮ ಉತ್ತರಗಳನ್ನೆಲ್ಲ ಓದಿ ನಿನ್ನೆ ರಾತ್ರಿ ಚೀಫ್‌ಗೆ ಮೆಸೇಜ್ ಹಾಕಿದೆ. ಸಾಕ್ರೆಟಿಸ್ ಹೆಸರು ಎತ್ತಲಿಲ್ಲ. ನಿಮ್ಮ ಅಜ್ಜಿ ಎಲ್ಲಿಯವರು ಅಂತ ಮಾತ್ರ ಕೇಳಿದೆ. ಮೂರು ವಾಯ್ಸ್ ಮೆಸೇಜ್ ಬಂತು, ಒಂದೊಂದು ಐದೈದು ನಿಮಿಷ! ಅಜ್ಜಿ ಎದುರು ದಡದ ಟರ್ಕಿಯ ಊರಿನವಳು, 1922ರಲ್ಲಿ ಕೈಗೂಸಾಗಿ ದೋಣಿಯಲ್ಲಿ ಹಿಯೋಸಿಗೆ ಬಂದವಳು. ಕಾಫಿ ಬಟ್ಟಲನ್ನು ತಲೆಕೆಳಗೆ ಮಾಡಿ ಶಕುನ ಹೇಳುತ್ತಿದ್ದಳಂತೆ. ಆಕೆ ಅದನ್ನು ಸಾಯುವವರೆಗೂ ತುರ್ಕಿ ಕಾಫಿ ಅಂದಳು. 1974ರಲ್ಲಿ ಸೈಪ್ರಸ್ ವಿಷಯಕ್ಕೆ ಟರ್ಕಿಯ ಜೊತೆ ಜಗಳ ಆದ ಮೇಲೆ ಹೋಟೆಲಿನವರೆಲ್ಲ ಗ್ರೀಕ್ ಕಾಫಿ ಅಂತ ಬರೆದರೂ ಆಕೆ ಕೇಳಲಿಲ್ಲವಂತೆ.

ನೀವು ಯಾರು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಚೀಫ್ ಅಂದೆ. ಹಿಯೋಟಿಸ್ ಅಂದರು, ಅಂದರೆ ಹಿಯೋಸಿನವನು. ಅಥೆನ್ಸಿನಲ್ಲಿ ಕೇಳಿದರೆ ಹಾಗೆ, ಹೊರಗೆ ಕೇಳಿದರೆ ಗ್ರೀಕ, ಟರ್ಕಿಯವನು ಕೇಳಿದರೆ ಪಕ್ಕದ ಮನೆಯವನು. ಮತ್ತೆ ನೀನು ಏನು ಹೇಳುತ್ತೀ ಅಂತ ವಾಪಸ್ ಕೇಳಿದರು. ನಾನು ಯಾವಾಗಲೂ ಮಂಗಳೂರು ಹತ್ತಿರ ಅಂತ ಹೇಳಿ ತಪ್ಪಿಸಿಕೊಳ್ಳುವವನು, ಅದನ್ನೇ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಕುಂಬಳೆ ಅಂತ ಬರೆದೆ, ನಮ್ಮೂರು ಕೇರಳಕ್ಕೆ ಹೋದ 1956ರ ಕತೆಯನ್ನೂ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ ವರದಿಯನ್ನೂ ಹೇಳಲು ಹೊರಟು, ಬೇಡ ಅನಿಸಿ, ಇಲ್ಲಿಯವನು ಅಷ್ಟೇ ಅಂದೆ. ಹೆಬ್ಬೆರಳು ಬಂತು.

ಮುಂದಿನ ತಿಂಗಳು ಮತ್ತೆ ಅದೇ ಹಡಗು. ಅವರ ದ್ವೀಪದಲ್ಲಿ ಮಾತ್ರ ಸಿಗುವ ಮಸ್ತಿಹಾ ಅನ್ನುವ ಮರದ ಗೋಂದು ಕೊಡುತ್ತಾರಂತೆ, ಬಾಯಲ್ಲಿ ಹಾಕಿ ಜಗಿಯುವುದಂತೆ. ನಾನು ಹಲಸಿನ ಹಪ್ಪಳ ಕೊಂಡು ಹೋಗಬೇಕು ಅಂತಿದ್ದೇನೆ. ಈ ಮಳೆಯಲ್ಲಿ ಹಪ್ಪಳ ಒಣಗಿಸುವುದು ಹೇಗೆ ಅಂತ ಅಮ್ಮ ಬೈಯುತ್ತಿದ್ದಾರೆ. ನೀರ್ಚಾಲು ಕಡೆ ಹಳೇ ಸ್ಟಾಕ್ ಸಿಗುತ್ತದಾ ಮಾಷ್ಟ್ರೇ?


ನೀರ್ಚಾಲು_ಮಾಷ್ಟ್ರು:

ನಮ್ಮ ಮನೆಯ ಡಬ್ಬಿಯಲ್ಲೇ ಉಂಟು, ಏಪ್ರಿಲಿನದ್ದು. ಬಂದು ತೆಗೆದುಕೊಂಡು ಹೋಗಿ. ಹಡಗಿನಲ್ಲಿ ಎಣ್ಣೆ ಕಾಯಿಸಲು ಬಿಡುತ್ತಾರಾ?